ದಿನಾಂಕ ಹಾಕದ ಸಹಿ

ಸಾರಕ್ಕಿಯ ಬಾಡಿಗೆ ಮನೆಯಿಂದ ಬನಶಂಕರಿಗೆ ಸಾಮಾನು ಸಾಗಿಸುವಾಗ, ಹಳೆಯ ಅಂಕಪಟ್ಟಿಗಳ ಫೈಲಿನಿಂದ ನುಸಿಗುಳಿಗೆಯ ವಾಸನೆಯ ಜೊತೆಗೇ ಒಂದು ಅರ್ಜಿ ಜಾರಿ ಬಿತ್ತು. ಗಣಿತದ ಎಂ.ಎಸ್ಸಿ.ಯನ್ನು ಅರ್ಧಕ್ಕೇ ಬಿಡುತ್ತೇನೆಂದು ಇಪ್ಪತ್ತೆರಡು ವರ್ಷದ ಹಿಂದೆ ನಾನೇ ಬರೆದದ್ದು. ಕೆಳಗೆ ಹಸಿರು ಶಾಯಿಯಲ್ಲಿ ನಮ್ಮ ಸಲಹೆಗಾರ ಮೇಷ್ಟರ ಸಹಿ.

ಆ ಸಹಿ ಅಲ್ಲಿ ಇರಬಾರದಿತ್ತು. ಅವರು ಸಹಿ ಹಾಕಲು ಒಪ್ಪದೆ ಅರ್ಜಿಯನ್ನು ಹರಿದೆಸೆದರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಕಾಗದ ಹರಿದ ಸದ್ದೂ ನೆನಪಿದೆ...

ಯಾವ ವಿಷಯ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ದಾರಿ ಹೇಳುವುದು ಅವರ ಕೆಲಸವಾಗಿತ್ತು. ಅವರು ಆ ಕುರ್ಚಿಗೆ ನೇರವಾಗಿ ಬಂದವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದುಕೊಂಡು ಸಂಜೆ ಕಾಲೇಜಿನಲ್ಲಿ ಓದಿ, ಮೇಷ್ಟರಾಗಿ, ಆರು ವರ್ಷ ಪಿಎಚ್.ಡಿ. ಮಾಡಿ, ಮುಗಿಸದೆ ಬಿಟ್ಟವರು. "ಬಿಟ್ಟಿದ್ದಕ್ಕೇ ಈ ಕುರ್ಚಿ ಕೊಟ್ಟಿದ್ದಾರೆ ಕಣಯ್ಯ, ಅನುಭವ ಇದೆ ಅಂತ," ಎನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ಜಯನಗರದ ಒಂದು ಪಾಠಶಾಲೆಯಲ್ಲಿ, ಮಕ್ಕಳ ಸಾಲಿನಲ್ಲಿ ಕೂತು ಮೃದಂಗ ಕಲಿಯತೊಡಗಿದ್ದರು. ನಮ್ಮ ಜೊತೆ ಮಾತಾಡುವಾಗಲೂ ಬೆರಳುಗಳು ಮೇಜಿನ ಮೇಲೆ ಪಾಠ ಒಪ್ಪಿಸುತ್ತಿದ್ದವು. "ನಿನ್ನೆ ಪಕ್ಕದಲ್ಲಿದ್ದ ಪುಟ್ಟಿ, 'ಅಂಕಲ್, ನೀವು ಹೋಮ್‌ವರ್ಕ್ ಮಾಡಲ್ವಾ?' ಅಂದ್ಬಿಟ್ಲು!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು.

ಎರಡು ಪೇಪರ್ ಫೇಲಾಗಿ ನಾನು ಅರ್ಜಿ ಹಿಡಿದು ಹೋದ ದಿನ... ಈಗ ಒತ್ತಾಯದಿಂದ ನೆನೆದರೆ ಬೇರೆಯೇ ಚಿತ್ರ ಕಾಣುತ್ತದೆ. ಓದಿದರು. ಸಹಿ ಹಾಕಿದರು. ಅರ್ಜಿಯನ್ನು ನನ್ನ ಕಡೆಗೆ ತಳ್ಳಿದರು.

"ಡೇಟ್ ಹಾಕಿಲ್ಲ ನೋಡು. ಆಫೀಸಿಗೆ ಕೊಡೋ ದಿನ ನೀನೇ ಹಾಕ್ಕೋ."

ಅಷ್ಟೇ. ಅದನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ, ಪರೀಕ್ಷೆ ಬಂತು, ಬರೆದೆ, ಪಾಸಾದೆ. ಹರಿದ ಸದ್ದನ್ನು ಎಲ್ಲಿಂದ ತಂದೆನೋ. ಯಾರೋ ನನ್ನನ್ನು ತಡೆದು ನಿಲ್ಲಿಸಿದರು ಎಂದುಕೊಳ್ಳುವುದು ನನಗೆ ಬೇಕಾಗಿತ್ತೇನೋ.

ಇದು ಬರೀ ನನ್ನ ಕತೆಯಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಾನೂ ಒಂದು ಕಾಲೇಜಿನಲ್ಲಿ ಅಂಥದೇ ಕುರ್ಚಿಯಲ್ಲಿದ್ದೇನೆ. ಹತ್ತು ದಿನದ ಹಿಂದೆ ಎರಡನೇ ವರ್ಷದ ಹುಡುಗಿಯೊಬ್ಬಳು ಕೋರ್ಸ್ ಬಿಡುವ ಅರ್ಜಿ ತಂದಾಗ, ಮೇಷ್ಟರು ನನ್ನ ಅರ್ಜಿ ಹರಿದ ಕತೆಯನ್ನು ಹೆಮ್ಮೆಯಿಂದ ಹೇಳಿ, ಸಹಿ ಹಾಕದೆ ಕಳಿಸಿದ್ದೆ.

ಸೋಮವಾರ ಅವಳನ್ನು ಕರೆಸಿದೆ.

"ಫಾರಂ ಇದೆಯೇನಮ್ಮ?"

"ಎರಡು ಕಾಪಿ ಇದೆ ಸಾರ್. ನೀವು ಒಂದನ್ನ ಹರಿದುಹಾಕಿದ್ರೆ ಅಂತ..."

ಸಹಿ ಹಾಕಿ, ಮೇಷ್ಟರ ಮಾತನ್ನೇ ಹೇಳಿ, ಅವಳ ಕಡೆಗೆ ತಳ್ಳಿದೆ. ಅವಳು ನನ್ನ ಮೇಜಿನ ಮೇಲಿದ್ದ ಪೆನ್ನನ್ನೇ ಎತ್ತಿಕೊಂಡು, ನಿಂತಲ್ಲೇ ಅಂದಿನ ದಿನಾಂಕ ಹಾಕಿದಳು. "ಥ್ಯಾಂಕ್ಸ್ ಸಾರ್" ಎಂದು ಹಗುರಾಗಿ ಹೊರಟುಹೋದಳು.

ವಾಪಸು ಕರೆಯಬೇಕೆನಿಸಿತು. ಕರೆಯಲಿಲ್ಲ. ಹೀಗೆ ಎದುರಿಗೇ ದಿನಾಂಕ ಹಾಕಿ ಹೊರಟವರು ಮೇಷ್ಟರಿಗೂ ಸಿಕ್ಕಿರಬೇಕು. ಆಗ ಅವರೇನು ಮಾಡುತ್ತಿದ್ದರು ಎಂದು ಕೇಳೋಣವೆಂದರೆ, ಅವರು ತೀರಿಕೊಂಡು ಮೂರು ವರ್ಷವಾಯಿತು. ನನ್ನ ನೆನಪನ್ನು ಕೇಳಿದರೆ, ಅದು ನನಗೆ ಬೇಕಾದ್ದನ್ನೇ ಹೇಳುತ್ತದೆ.