ಕಂಬಿ ಕಿತ್ತ ದಾರಿಯಲ್ಲಿ ಅತ್ತಿಗೆ

ಮೊನ್ನೆ ನನ್ನ ಮೊಮ್ಮಗ ಹೊಸ ಸೈಕಲ್ಲೊಂದನ್ನು ತಂದು ನಡುಮನೆಯಲ್ಲೇ ನಿಲ್ಲಿಸಿದ. ದಪ್ಪ ಟೈರಿನ ಸೈಕಲ್ಲು. ಟಾರು ರಸ್ತೆಯೇ ಬೇಡವಂತೆ ಅದಕ್ಕೆ, ಜಲ್ಲಿಯ ಮೇಲೂ ಓಡುತ್ತದಂತೆ. ನಿನ್ನ ಕಾಲದಲ್ಲಿ ಇಂಥದ್ದು ಎಲ್ಲಿತ್ತು ಅಜ್ಜಿ ಅಂತ ಕೇಳಿದ. ರಬ್ಬರಿನ ವಾಸನೆಯೂ ಚೈನಿನ ಎಣ್ಣೆಯ ವಾಸನೆಯೂ ಸೇರಿ ಮೂಗಿಗೆ ಬಡಿದದ್ದೇ ತಡ, ಚಾಮರಾಜನಗರದ ನಮ್ಮ ಹಿತ್ತಲ ಕೊಟ್ಟಿಗೆ ಕಣ್ಣ ಮುಂದೆ ಬಂದಿತ್ತು. ಮೂಲೆಯಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಮೊಣಕಾಲಿಗೆ ಗಲ್ಲ ಊರಿ ಕೂತ ಅತ್ತಿಗೆ... ಆ ದಿನವೆಲ್ಲ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ, ಕೂರಲಾಗಲಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಚಂದಕವಾಡಿಯ ಹುಡುಗಿ. ಐವತ್ತರ ದಶಕದ ಮಾತು ಇದು. ಅವಳು ನಮ್ಮ ಮನೆಗೆ ಬಂದಾಗ ನನಗೆ ಹದಿನಾರು ತುಂಬಿರಬೇಕು. ಸ್ಕೂಲು ಬಿಡಿಸಿದ್ದರು, ಮದುವೆ ಇನ್ನೂ ಆಗಿರಲಿಲ್ಲ. ನಾನೋ, ಬಾವಿಗೆ ಹೋದರೆ ಬೀದಿ ಸುತ್ತಿಕೊಂಡು ಬರುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಅಂತ ಅವ್ವ ಕಂಡಕಂಡವರ ಮುಂದೆ ಹೇಳುತ್ತಿದ್ದಳು. ಅತ್ತಿಗೆ ಹಾಗಲ್ಲ. ಮಾತು ಕಡಿಮೆ, ಕೆಲಸ ಚುರುಕು. ಆದರೆ ಒಂದು ಸಲ ಮನಸ್ಸಿಗೆ ಹಾಕಿಕೊಂಡಳೋ, ಮುಗಿಯಿತು. ಅವಳ ಹಟದ ಮುಂದೆ ನನ್ನ ಕುಣಿತವೆಲ್ಲ ಏನೂ ಅಲ್ಲ.

ಅವಳ ಕಷ್ಟಕ್ಕೆ ಕಾರಣ ಒಂದು ಸೈಕಲ್ಲು. ಮದುವೆಯಲ್ಲಿ ಅಳಿಯನಿಗೆ ಹೊಸ ಸೈಕಲ್ ಕೊಡುತ್ತೇವೆ ಅಂದಿದ್ದ ಅವಳ ತೌರಿನವರು ಯಾರೋ ಓಡಿಸಿದ್ದನ್ನು ತಂದು, ಬಣ್ಣ ಬಳಿಸಿ, ಚಪ್ಪರದ ಕೆಳಗೆ ನಿಲ್ಲಿಸಿದ್ದರು. ಬಣ್ಣ ಇನ್ನೂ ಒಣಗಿರಲಿಲ್ಲ, ಅಪ್ಪನ ಬಿಳಿ ಪಂಚೆಗೆ ಹತ್ತಿಕೊಂಡಿತು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಆ ನಗು ಅಪ್ಪನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅಣ್ಣ ಆ ಸೈಕಲ್ ಮುಟ್ಟಕೂಡದು, ಸೊಸೆ ತೌರಿನ ಹೊಸಿಲು ತುಳಿಯಕೂಡದು. ಸೈಕಲ್ಲು ಹಿತ್ತಲ ಕೊಟ್ಟಿಗೆಗೆ ಹೋಗಿ ಗೋಣಿತಾಟಿನ ಕೆಳಗೆ ಸೇರಿತು. ಎರಡು ವರ್ಷ ಅತ್ತಿಗೆ ತೌರಿನ ಮುಖ ನೋಡಲಿಲ್ಲ.

ಆಮೇಲೆ ಅವಳ ತಾಯಿಗೆ ಕಾಯಿಲೆ ಅಂತ ಸುದ್ದಿ ಬಂತು. ಕಾಲು ಊದಿಕೊಂಡು ಹಾಸಿಗೆ ಹಿಡಿದಿದ್ದರಂತೆ. ಅತ್ತಿಗೆ ಅಪ್ಪನ ಮುಂದೆ ನಿಂತು ಒಂದೇ ಒಂದು ಸಲ ಕೇಳಿದಳು.

"ಹೊಸ ಸೈಕಲ್ಲು ಬರ್ಲಿ. ಅದು ಬಂದ್ ದಿವ್ಸ ನೀನೂ ಓಗು," ಅಂದ ಅಪ್ಪ, ಎಲೆಗೆ ಸುಣ್ಣ ಹಚ್ಚುತ್ತಾ.

ಅಣ್ಣ ಅಲ್ಲೇ ಇದ್ದ. ನೆಲ ನೋಡಿದ. ನನಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಮ್ಮ ಮನೆ ಊರಿನ ಕೊನೆಯಲ್ಲಿತ್ತು. ಹಿತ್ತಲ ಬೇಲಿ ದಾಟಿದರೆ ಕಂಬಿದಾರಿ. ಹಿಂದೆ ಚಂದಕವಾಡಿ ಕಡೆಯ ಕಲ್ಲುಗಣಿಯಿಂದ ಸ್ಟೇಷನ್ನಿಗೆ ಜಲ್ಲಿ ಸಾಗಿಸಲು ಹಾಕಿದ್ದ ರೈಲು ದಾರಿ ಅದು. ಯುದ್ಧದ ಕಾಲದಲ್ಲಿ ಕಬ್ಬಿಣ ಬೇಕೆಂದು ಕಂಬಿಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಮರದ ದಿಮ್ಮಿಗಳನ್ನು ಊರಿನವರು ಒಲೆಗೆ ಹಾಕಿ ಮುಗಿಸಿದ್ದರು. ಉಳಿದದ್ದು ಹೊಲಗಳ ನಡುವೆ ಎತ್ತರಕ್ಕೆ ಹೋಗುವ ಜಲ್ಲಿಯ ಏರಿ ಮಾತ್ರ. ಎತ್ತಿನ ಗೊರಸಿಗೆ ಕಲ್ಲು ಚುಚ್ಚುತ್ತದೆಂದು ಬಂಡಿ ಹತ್ತಿಸುತ್ತಿರಲಿಲ್ಲ, ಬರಿಗಾಲಿನವರು ನಡೆಯುತ್ತಿರಲಿಲ್ಲ. ಇಕ್ಕೆಲದಲ್ಲೂ ಲಂಟಾನ ಬೆಳೆದು ಮೇಲೆ ಹೋಗುವವರು ಕೆಳಗಿನವರಿಗೆ ಕಾಣುತ್ತಲೂ ಇರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಆ ಸೈಕಲ್ ಹೊರಗೆಳೆದು, ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತದ್ದು ಅಲ್ಲಿಯೇ. ಬಿದ್ದದ್ದಕ್ಕೆ ಲೆಕ್ಕವಿಲ್ಲ.

ಆ ಕಾಲದಲ್ಲಿ ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರಬೇಕು. ನಮ್ಮ ಮನೆಯಲ್ಲಿ ಹೊರಗೆ ಎಂದರೆ ದನ ಕಟ್ಟದ ಆ ಹಳೇ ಕೊಟ್ಟಿಗೆ. ಕೂತವರನ್ನು ಮುಟ್ಟುವಂತಿಲ್ಲ, ಅವರ ಹತ್ತಿರ ಸುಳಿಯುವಂತಿಲ್ಲ. ಊಟವನ್ನು ಬಾಗಿಲಲ್ಲಿಟ್ಟು ಬರಬೇಕು. ಅದನ್ನು ಇಟ್ಟು ಬರುವ ಕೆಲಸ ನನ್ನದು. ಒಂದು ಬೆಳಿಗ್ಗೆ ತಟ್ಟೆ ಇಡಲು ಹೋದವಳು ನೋಡುತ್ತೇನೆ, ಅತ್ತಿಗೆ ಗೋಣಿತಾಟು ಸರಿಸಿ ಸೈಕಲ್ಲಿನ ಹ್ಯಾಂಡಲ್ಲು ಹಿಡಿದು ನಿಂತಿದ್ದಾಳೆ.

"ನಂಗೂ ಇದ್ನ ಕಲ್ಸಮ್ಮಿ," ಅಂದಳು.

ಮೈಲಿಗೆಯೆಂದು ಯಾರೂ ಬಗ್ಗಿ ನೋಡದ ಮೂರು ದಿನಗಳಲ್ಲಿ ಅವಳು ಏನು ಮಾಡಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ! ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಎರಡು ತಿಂಗಳ ಸರದಿಯಲ್ಲಿ ಕಲಿತೇಬಿಟ್ಟಳು. ನನ್ನ ಹಾಗೆ ಬಿದ್ದು ನಗುತ್ತಿರಲಿಲ್ಲ. ಬಿದ್ದರೆ ಎದ್ದು ಮತ್ತೆ ಹತ್ತುವುದು, ಅಷ್ಟೇ. ಮೂರನೆಯ ತಿಂಗಳು, ಗಂಡಸರು ಹೊಲಕ್ಕೆ ಹೊರಟ ಮೇಲೆ, ಬೇಲಿಯ ಸಂದಿನಿಂದ ಸೈಕಲ್ ತಳ್ಳಿಕೊಂಡು ಹೋಗಿ ಏರಿ ಹತ್ತಿದಳು. ಚಂದಕವಾಡಿ ಎರಡು ಹರಿದಾರಿ ದೂರ. ಮೈಸೂರಿನ ಮಧ್ಯಾಹ್ನದ ರೈಲು ಸ್ಟೇಷನ್ನಿನಲ್ಲಿ ಕೂಗುವ ಹೊತ್ತಿಗೆ ಹಿಂದಿರುಗಿ ಚಾಪೆಯ ಮೇಲೆ ಕೂತಿದ್ದಳು. ಮುಖವೆಲ್ಲ ಧೂಳು. ದಾರಿಯಲ್ಲಿ ಹಳ್ಳದ ಸೇತುವೆಯ ಹಲಗೆಗಳಿಲ್ಲವಂತೆ, ಸೈಕಲ್ಲನ್ನು ಹೆಗಲಿಗೆ ಹೊತ್ತು ಹಳ್ಳಕ್ಕಿಳಿದು ದಾಟಿದಳಂತೆ. ತೌರಿನಲ್ಲಿ ಮುಟ್ಟೋ ಮೈಲಿಗೆಯೋ ಯಾರೂ ಕೇಳಲಿಲ್ಲವಂತೆ. ತಾಯಿ ಕೈ ಹಿಡಿದುಕೊಂಡವರು ಬಿಡಲೇ ಇಲ್ಲವಂತೆ. ಇಷ್ಟು ಹೇಳಿ ಗೋಡೆಗೆ ತಿರುಗಿ ಮಲಗಿದಳು.

ಹೀಗೆ ಸುಮಾರು ಒಂದು ವರ್ಷ. ಅವಳು ಹೋದಾಗ ಅವಳ ಊಟವನ್ನೂ ನಾನೇ ತಿನ್ನಬೇಕಿತ್ತು, ತಟ್ಟೆ ಖಾಲಿಯಾಗಬೇಕಲ್ಲ. ಅವ್ವ ಹಿತ್ತಲ ಬಾಗಿಲಿಂದ "ಉಂಡ್ಯೇನವ್ವಾ" ಅಂತ ಕೂಗಿದರೆ ಕೊಟ್ಟಿಗೆಯೊಳಗಿಂದ ನಾನೇ ಅತ್ತಿಗೆಯ ದನಿ ಮಾಡಿ "ಹೂಂ" ಅನ್ನುತ್ತಿದ್ದೆ. ಮದುವೆಗೆ ಮುಂಚೆ ಹುಡುಗಿ ಮೈಕೈ ತುಂಬಿಕೊಂಡಳು ಅಂತ ಅವ್ವನಿಗೆ ಖುಷಿ. ನನಗೋ ಆ ಮೂರು ದಿನ ಜೀವ ಕೈಯಲ್ಲಿ. ಕೊಟ್ಟಿಗೆಗೆ ಹೋಗುವುದು, ಬೇಲಿಯ ಹತ್ತಿರ ಹೋಗುವುದು, ಬಾವಿಗೆ, ಮತ್ತೆ ಬೇಲಿಗೆ. ಜಲ್ಲಿ ಕರಕರ ಅಂದ ಸದ್ದಾದರೆ ಓಡುವುದು. ಹೆಚ್ಚಿನ ಸಲ ಅದು ಯಾರದೋ ಮೇಕೆ. ಸವಾರಿಯ ಆಸೆ ಇದ್ದವಳು ನಾನು, ಕಾಯುವ ಕೆಲಸ ನನ್ನ ಪಾಲಿಗೆ. ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಅವ್ವನ ಚಿಂತೆ ಬೇರೆ. ಸೊಸೆ ತಿಂಗಳು ತಿಂಗಳೂ ಹೊರಗೆ ಕೂರುತ್ತಾಳಲ್ಲ, ಮಗುವಿಲ್ಲವಲ್ಲ ಅಂತ. ಅತ್ತಿಗೆ ಕೊಟ್ಟಿಗೆಯ ಕಡೆ ನಡೆದಾಗಲೆಲ್ಲ ಅವ್ವ ನಿಟ್ಟುಸಿರು ಬಿಟ್ಟು ದೇವರಿಗೆ ಇನ್ನೊಂದು ಹರಕೆ ಕಟ್ಟುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ನನಗೊಂದು ಅನುಮಾನ ಬಂತು. ಅತ್ತಿಗೆ ಹೊರಗೆ ಕೂತಿದ್ದಾಳೆ, ಆದರೆ ಬೇಲಿಯ ಮೇಲೆ ಒಗೆದ ಬಟ್ಟೆ ಕಾಣುತ್ತಿಲ್ಲ. ಹಿಂದಿನ ಎರಡು ತಿಂಗಳೂ ಕಂಡ ನೆನಪಿಲ್ಲ. ಬೆಳಿಗ್ಗೆ ಹೋಗಿ ಕೇಳಿದೆ. ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮೂರು ತಿಂಗ್ಳಾಯ್ತು ಕಣಮ್ಮಿ. ಯೋಳ್ಬುಟ್ರೆ ಇಲ್ಲಿ ಕೂರಂಗಿಲ್ಲ. ಕೂರ್ದಿದ್ರೆ ನಮ್ಮವ್ವನ್ನ ನೋಡಂಗಿಲ್ಲ."

"ಆ ಜಲ್ಲೀಲಿ ಬಿದ್ಗಿದ್ದೀಯೆ ಅತ್ತಿಗೆ. ಮಗೀಗೇನಾರ ಆದ್ರೆ?"

ಅವಳು ಪಂಪು ಕೆಳಗಿಟ್ಟಳು. "ನೀನೇ ಯೋಳು. ಯಾರ್ನ ಬುಡ್ಲಿ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ... ಒಬ್ಬಳು ಹಾಸಿಗೆಯಲ್ಲಿ ಬಾಗಿಲ ಕಡೆ ನೋಡುತ್ತಾ ಮಲಗಿದ್ದಾಳೆ, ಇನ್ನೊಂದು ಜೀವ ಇನ್ನೂ ಮುಖವಿಲ್ಲದ್ದು. ಮೆಲ್ಲಗೆ ಹೋಗುತ್ತೇನೆ, ಸಡಿಲ ಕಲ್ಲಿರುವ ಕಡೆ ಇಳಿದು ತಳ್ಳುತ್ತೇನೆ ಅಂತ ಹೇಳಿ ಹೊರಟಳು. ನಾನು ಬೇಲಿ ಹಿಡಿದು ನಿಂತೆ. ಅವತ್ತು ಎರಡು ತಟ್ಟೆಯ ಅನ್ನವನ್ನೂ ನಾಯಿಗೆ ಹಾಕಿದೆ.

ಅವಳು ಸುರಕ್ಷಿತವಾಗಿ ಬಂದಳು. ಮರುದಿನ ಮತ್ತೆ ಹೋದಳು. ಅವತ್ತು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಳು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಗೋಣಿತಾಟು ಹೊದಿಸಿ, ಅಂಚನ್ನು ಎಳೆದು ಸರಿಮಾಡಿದಳು. ಆಮೇಲೆ ಕೂತಳು.

"ಅವ್ವ ಓಯ್ತು ಕಣಮ್ಮಿ."

ನನಗೆ ಅಳು ಒತ್ತರಿಸಿ ಬಂತು. ಅವಳು ನನ್ನ ಬಾಯಿ ಮುಚ್ಚಿದಳು. ಅಳಬೇಡ, ಒಳಕ್ಕೆ ಕೇಳಿಸುತ್ತದೆ ಅಂದಳು. ಅವಳ ಅಣ್ಣನೇ ಕಳಿಸಿದ್ದನಂತೆ. ನೀನು ಇಲ್ಲಿದ್ದದ್ದು ಗೊತ್ತಾದರೆ ನಿನ್ನ ಬಾಳು ಕೆಡುತ್ತದೆ, ಮನೆ ಸೇರು, ಆಳಿನ ಕೈಲಿ ಸುದ್ದಿ ಕಳಿಸುತ್ತೇವೆ, ಎಲ್ಲರೆದುರಿಗೆ ಬಾ ಅಂದಿದ್ದನಂತೆ. ಆಳು ರಸ್ತೆ ಹಿಡಿದು ನಡೆದು ಬರಬೇಕು.

ಆ ಕಾಯುವಿಕೆಯಂಥದ್ದನ್ನು ನಾನು ಮತ್ತೆ ಕಾಣಲಿಲ್ಲ. ತಾಯಿ ಸತ್ತದ್ದು ತಿಳಿದೂ ತಿಳಿಯದವಳ ಹಾಗೆ ಅವಳು ಚಾಪೆಯ ಮೇಲೆ ಕೂತಿದ್ದಾಳೆ. ಒಳಗೆ ಅವ್ವ ಹುರುಳಿ ಕೇರುತ್ತಿದ್ದಾಳೆ. ಅಪ್ಪನೂ ಅಣ್ಣನೂ ಹೊಲದಿಂದ ಬಂದು ಉಂಡರು, ಜಗುಲಿಯಲ್ಲಿ ಎಲೆಯಡಿಕೆ ಹಾಕಿದರು. ನಾನು ಬೀದಿಗೆ ಹೋದೆ, ಹಿತ್ತಲಿಗೆ ಬಂದೆ, ಮತ್ತೆ ಬೀದಿಗೆ. ಕೂತ್ಕೊಳೆ ಒಂದ್ಕಡೆ ಅಂತ ಅವ್ವ ಗದರಿದಳು. ಅತ್ತಿಗೆ ಮಾತ್ರ ಅಲುಗಲಿಲ್ಲ. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

ಆಳು ಬಂದಾಗ ನೆರಳು ಉದ್ದವಾಗಿತ್ತು. ಸಾವಿನ ಸುದ್ದಿ ತಂದವನು ಒಳಗೆ ಬರುವಂತಿಲ್ಲ, ಬೀದಿಯಲ್ಲೇ ನಿಂತ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತಾರೆ, ಮಗಳು ಬಂದರೆ ಮುಖ ನೋಡಬಹುದು ಅಂದ. ಅಪ್ಪ ಬಾಯಲ್ಲಿದ್ದ ಎಲೆಯನ್ನು ಉಗುಳಿ ಬಂದು ಕೂತ. ಅವನು ಕಟುಕನಲ್ಲ. ಆದರೆ ರೂಢಿ ಬಿಡುವವನೂ ಅಲ್ಲ.

"ಅವ್ಳು ಹೊರಗವ್ಳೆ. ಹೆಣದ್ ಮನೆಗೆ ಓಗಂಗಿಲ್ವಲ್ಲ," ಅಂದ.

ಹಿತ್ತಲ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು. ಹೊಸಿಲು ದಾಟಿ ಒಳಗೆ ಬಂದಳು. ಅವ್ವ ಮೊರ ಹಿಡಿದುಕೊಂಡೇ ಹಿಂದೆ ಸರಿದಳು.

"ನಾನು ಹೊರಗಿಲ್ಲ. ಮೂರು ತಿಂಗ್ಳಿಂದ ಹೊರಗಿಲ್ಲ."

ಅವ್ವನಿಗೆ ಅರ್ಥವಾಗಲು ಎಷ್ಟು ಹೊತ್ತು ಹಿಡಿಯಿತೋ... ಮೊರ ಕೈ ಜಾರಿ ಹುರುಳಿ ನೆಲದ ತುಂಬ ಚೆಲ್ಲಿತು. ಅಷ್ಟು ಹರಕೆ ಹೊತ್ತವಳು ನಗಬೇಕೋ ಅಳಬೇಕೋ ತಿಳಿಯದೆ, "ಬಸ್ರಿ ಹೆಣ ನೋಡ್ಬಾರ್ದು ಕಣವ್ವಾ, ಮಗೀಗಾಗಲ್ಲ," ಅಂದಳು.

"ನೋಡ್ಬುಟ್ಟೇ ಬಂದಿವ್ನಿ ಅತ್ತೆ. ನನ್ ತೊಡೆ ಮ್ಯಾಲೇ ಜೀವ ಬುಡ್ತು."

ಅತ್ತಿಗೆ ಹಿತ್ತಲ ಕಡೆ ತಿರುಗಿದಳು, ಕೊಟ್ಟಿಗೆಗೆ. ಅವಳ ಹಿಂದೆಯೇ ಅಣ್ಣ ಹೋದ. ಗೋಣಿತಾಟನ್ನು ಕಿತ್ತೆಸೆದ. ಟೈರಿಗೆ ಅಂಟಿದ್ದ ಧೂಳನ್ನು, ಉಜ್ಜಿ ಹೊಳಪಾಗಿದ್ದ ಪೆಡಲನ್ನು ಸ್ವಲ್ಪ ಹೊತ್ತು ನೋಡಿದ. ಅವಳು ಬೇಲಿಯ ಸಂದಿಯ ಕಡೆ ಕೈ ತೋರಿಸಿದಳು.

"ಮುಂದಿನ್ ಬಾಗ್ಲಿಂದ್ಲೇ ಓಗನ ಬಾ," ಅಂದ ಅಣ್ಣ.

ಸೈಕಲ್ಲು ಅಡುಗೆಮನೆ ದಾಟಿ, ಹುರುಳಿಯ ಮೇಲೆ ಉರುಳಿ, ನಡುಮನೆಯಿಂದ ಜಗುಲಿಗೆ ಬಂತು. ಅಪ್ಪ ಕಾಲು ಚಾಚಿ ಕೂತಿದ್ದ. ಚಕ್ರ ಹತ್ತಿರ ಬಂದಾಗ ಕಾಲು ಮಡಚಿ ದಾರಿ ಬಿಟ್ಟ. ಅವ್ವ ಓಡಿ ಬಂದು ಗಾಳಿ ಸೋಕದಿರಲಿ ಅಂತ ಅತ್ತಿಗೆಯ ಕೈಗೆ ಬೇವಿನ ಕಡ್ಡಿ ತುರುಕಿದಳು. "ಮೆತ್ತಗೆ ತುಳಿಯ್ಲಾ," ಅಂತ ಮಗನಿಗೆ ಹೇಳಿದಳು. ಕ್ಯಾರಿಯರ್ ಮೇಲೆ ಕೂತ ಅತ್ತಿಗೆ ಬೀದಿಯ ತುದಿಯಲ್ಲಿ ಕಂಬಿದಾರಿಯ ಕಡೆ ಕೈ ಚಾಚಿದಳು. ಅಣ್ಣ ಆ ಕಡೆ ತಿರುಗಿಸಿ ಏರಿ ಹತ್ತಿಸಿದ. ಅವಳೇ ದಾರಿ ಹೇಳಬೇಕಿತ್ತು, ಅವನು ಆ ದಾರಿಯಲ್ಲಿ ಹೋದವನೇ ಅಲ್ಲ. ಮಣ್ಣು ಮಾಡುವ ಹೊತ್ತಿಗೆ ತಲುಪಿದರು.

ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿಯೇ. ಸೈಕಲ್ಲು ಜಗುಲಿಗೆ ಬಂದು ನಿಂತಿತು, ಅಣ್ಣ ಅದನ್ನು ವರ್ಷಗಟ್ಟಲೆ ತುಳಿದ. ಅಪ್ಪ ಅದರ ಸುದ್ದಿ ಎತ್ತಲಿಲ್ಲ. ಈಗ ಯಾರ ಅಡ್ಡಿಯೂ ಇರಲಿಲ್ಲ, ನನಗೆ ಕುಣಿಯುವಷ್ಟು ಆಸೆ. ಬಾ ಅತ್ತಿಗೆ, ಒಂದು ಸುತ್ತು ಹೋಗಿ ಬರೋಣ ಅಂದೆ. "ಅಲ್ಲಿ ಯಾರವ್ರೆ ಅಂತ ಓಗನ ಕಣಮ್ಮಿ?" ಅಂದಳು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಲಿಲ್ಲ. ಆಮೇಲೆ ಅವಳು ಸೈಕಲ್ ಮುಟ್ಟಲೇ ಇಲ್ಲ. ಮರುವರ್ಷ ನನ್ನನ್ನು ಗುಂಡ್ಲುಪೇಟೆಗೆ ಕೊಟ್ಟರು.

ಹೋದ ವರ್ಷ ಅತ್ತಿಗೆಗೆ ಕಾಯಿಲೆ ಜೋರಾಗಿದೆ, ನಿನ್ನನ್ನು ಕೇಳುತ್ತಿದ್ದಾಳೆ ಅಂತ ಅವಳ ಮಗಳು ಫೋನ್ ಮಾಡಿದಳು. ಕೂಡಲೇ ಕಾರಿನಲ್ಲಿ ಹೊರಟೆವು. ತೆರಕಣಾಂಬಿ ಹತ್ತಿರ ಲಾರಿಗಳು ಸಾಲಾಗಿ ನಿಂತಿದ್ದವು. ಹಿಂದೆ ಮುಂದೆ ಎಲ್ಲೂ ಜಾಗವಿಲ್ಲ. ಮೊಮ್ಮಗ ಹಾರ್ನ್ ಒತ್ತಿ ಒತ್ತಿ ಸುಸ್ತಾದ. ನಾನು ಬಾಗಿಲು ತೆಗೆದು ಇಳಿದೆ, ಹತ್ತಿದೆ, ಮತ್ತೆ ಇಳಿದೆ. ಈ ವಯಸ್ಸಿನಲ್ಲಿ ಇಳಿದು ಮಾಡುವುದಾದರೂ ಏನು... ನಾವು ಹೋಗುವಷ್ಟರಲ್ಲಿ ಅವಳನ್ನು ಮೀಯಿಸಿ ಮಲಗಿಸಿದ್ದರು. ಕೊನೆಯವರೆಗೂ ಬಾಗಿಲ ಕಡೆಯೇ ನೋಡುತ್ತಿದ್ದಳಂತೆ. ಕಾಲ ಬಳಿ ಕೂತೆ, ಕಾಲು ತಣ್ಣಗಾಗಿತ್ತು. ಸೈಕಲ್ ಕಲಿಸಿದವಳು ನಾನು. ಹೊತ್ತಿಗೆ ತಲುಪಿದವಳು ಅವಳು. ನನ್ನಿಂದ ಆಗಲಿಲ್ಲ.