ಕೊನೆಯ ಪಾಯಿಂಟು ಔಟೇ

ಗೆಳೆಯರೇ, ಇವತ್ತು ಸಂಜೆ ನನ್ನ ಅಂಗಿ ಗೋವಿಂದನ ಮುಷ್ಟಿಯಲ್ಲಿತ್ತು.

ಗೋವಿಂದ ನಮ್ಮ ತಾರಮಂಗಲಂ ಬೀದಿಯ ನೇಕಾರ. ತನ್ನ ಅಣ್ಣ ತೀರಿಹೋದ ಮೇಲೆ ಐದು ತಿಂಗಳು ಮಗ್ಗದ ಮುಂದೆ ಸುಮ್ಮನೆ ಕೂತಿರುತ್ತಿದ್ದ. ನೇಯ್ಗೆಯೂ ಇಲ್ಲ, ಮಾತೂ ಇಲ್ಲ. ಹತ್ತು ದಿನದ ಹಿಂದೆ ಅವನ ಹೆಂಡತಿ ಲಚ್ಚುಮಿಯೇ ಕೈಹಿಡಿದು ವಾಲಿಬಾಲ್ ಮೈದಾನಕ್ಕೆ ಕರೆತಂದಳು. ಅಂದಿನಿಂದ ಬರುತ್ತಾನೆ, ಆಡುತ್ತಾನೆ, ತುಟಿ ಬಿಚ್ಚದೆ ಹೋಗುತ್ತಾನೆ.

ಇವತ್ತು ನಾನು ಅಂಪೈರು. ಕೊನೆಯ ಪಾಯಿಂಟಿನಲ್ಲಿ ಅವನು ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. "ಔಟ್" ಅಂದೆ.

ನೇರ ಬಂದು ಅಂಗಿ ಹಿಡಿದ. "ಏನ್ಲಾ ಔಟು? ಕಣ್ಣು ಐತೇನ್ಲಾ ನಿಂಗೆ?"

ಅವನ ಕಣ್ಣು ಕೆಂಪಾಗಿತ್ತು. ಔಟ್ ಅಂತಲೇ ಪಟ್ಟುಹಿಡಿದರೆ, ಇವನು ಮತ್ತೆ ಮಗ್ಗದ ಮುಂದೆ ಮೂಕನಾಗಿ ಕೂತುಬಿಟ್ಟರೆ? ಆದರೆ ಅಯ್ಯೋ ಪಾಪ ಅಂತ ಪಾಯಿಂಟು ಕೊಟ್ಟರೆ ಅದು ಅವನಿಗೂ ಗೊತ್ತಾಗುತ್ತದೆ.

"ವಿಡುಪ್ಪಾ, ವಿಡು" ಎಂದು ತಮಿಳಿನಲ್ಲಿ ಕೂಗುತ್ತ ಇಬ್ಬರು ಬಿಡಿಸಲು ಓಡಿಬಂದರು. ಲಚ್ಚುಮಿ ಅಡ್ಡ ನಿಂತಳು. "ಯಾರೂ ಮುಟ್ಬ್ಯಾಡ್ರಿ. ಈಗ ಬಾಯಿ ಬಿಟ್ಟವ್ನೆ, ಬೈಲಿ ಬಿಡ್ರಿ."

"ಔಟೇ ಗೋವಿಂದಾ" ಅಂದೆ.

ಒಂದು ಗಳಿಗೆ ದುರುಗುಟ್ಟಿ ನೋಡಿ ಕೈ ಬಿಟ್ಟ. "ನಾಳೆ ಬತ್ತೀನಿ. ಗೆರೆ ಮ್ಯಾಲೇ ಒಡೀತೀನಿ, ಅದೆಂಗ್ ಔಟ್ ಅಂತೀಯೋ ನೋಡ್ತೀನಿ ಲಾ." ಬೀದಿಯುದ್ದಕ್ಕೂ ಬೈಯುತ್ತಲೇ ಮನೆಗೆ ಹೋದ.

ಲಚ್ಚುಮಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಅಣ್ಣಾ, ನಾಳೀಕೂ ನೀನೇ ಅಂಪೈರಾಗು."

ಒಪ್ಪಿಕೊಂಡೆ. ಬೈಸಿಕೊಳ್ಳುವುದಕ್ಕೆಂದೇ ಇಷ್ಟು ಆಸೆಯಿಂದ ನನ್ನನ್ನು ಯಾರೂ ಕರೆದಿರಲಿಲ್ಲ.