ಬಂಡೆಗೆ ಹೊದಿಸಿದ ಕೌದಿ

ಆಗೆಲ್ಲ ಬೇಸಿಗೆ ಬಂತೆಂದರೆ ಚೀಕಲಪರ್ವಿಯಲ್ಲಿ ನಮ್ಮ ಹೊಳೆ ಸಣ್ಣಗಾಗಿ, ನೀರೊಳಗಿನ ಬಂಡೆಗಳು ಬೆನ್ನು ತೋರಿಸುತ್ತಿದ್ದವು. ನಾನು ಐದನೇ ಈಯತ್ತೆ ಮುಗಿಸಿದ ವರ್ಷ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ ಕೌದಿ ಹೊದಿಸಿ ಶಿಲ್ಪ ಮಾಡುತ್ತೇನೆಂದು ರಾಯಚೂರಿನಿಂದ ಸುಮಿತ್ರಾ ಎಂಬ ಚಿತ್ರಕಲಾ ಟೀಚರು ಬಂದರು.

"ಈ ಬಿಸಿಲಾಗ ಕಲ್ಲಿಗೆ ಥಂಡಿ ಹತ್ಯದೇನ್ರೀ?" ಎಂದು ಹೆಂಗಸರು ನಕ್ಕರು.

"ಥಂಡಿಗಲ್ರೀ. ನಿಮ್ಮ ಹೊಲಿಗಿ ಹಾಸಿಗಿ ಕೆಳಗ ಇರ್ತದ. ಒಮ್ಮೆ ಹೊರಗ ಕಾಣ್ಲಿ," ಎಂದರು ಟೀಚರು.

ನಕ್ಕವರೇ ಮರುದಿನ ಬೇವಿನ ಮರದ ಕೆಳಗೆ ಸೂಜಿ ಹಿಡಿದು ಕೂತರು. ಪಕ್ಕದ ಮನೆಯ ಖಾಜಾಬಿಯ ಕೈ ಎಲ್ಲರಿಗಿಂತ ಚುರುಕು. ಮನೆಮನೆಯಿಂದ ಹಳೆಯ ಬಟ್ಟೆ ಬಂತು. ಟ್ರಂಕಿನ ವಾಸನೆ, ಒಗ್ಗರಣೆ ಮಂಡಕ್ಕಿಯ ವಾಸನೆ, ನಡುವೆ ಸೂಜಿಗೆ ದಾರ ಪೋಣಿಸುವ ನಾವು ಹುಡುಗಿಯರು. ನನ್ನ ಗೆಳತಿ ಲಕ್ಷ್ಮಿ ತಮ್ಮಜ್ಜನ ರುಮಾಲು ತಂದು ಮೆರೆದಳು. ನಾನು ತಂದದ್ದು ಹಿಟ್ಟಿನ ಚೀಲ.

ಅವ್ವ ಆ ಕಡೆ ಬರಲಿಲ್ಲ. ಹೊಳೆಯಾಚೆಯ ತವರೂರಿನಲ್ಲಿ ಅವಳ ತಾಯಿ ತೀರಿಕೊಂಡ ಮೇಲೆ ಅವಳು ಸೂಜಿಯನ್ನೇ ಮುಟ್ಟಿರಲಿಲ್ಲ. ಆ ಅಜ್ಜಿಯ ಇಳಕಲ್ಲ ಸೀರೆ ನಮ್ಮ ಟ್ರಂಕಿನ ತಳದಲ್ಲಿತ್ತು. ಒಂದು ಮಧ್ಯಾಹ್ನ ನಾನು ಅದರ ಕೆಂಪು ಸೆರಗಿನಿಂದ ಎರಡು ಗೇಣು ಕತ್ತರಿಸಿಕೊಂಡು ಓಡಿದೆ. ಎಲ್ಲಿಂದ ತಂದೆ ಎಂದು ಯಾರೂ ಕೇಳದಂತೆ ಮೂಲೆಯಲ್ಲಿ ಕೂತು ನಾನೇ ಹೊಲಿದೆ.

ಕೌದಿಯನ್ನು ಬಂಡೆಗೆ ಹೊದಿಸಿದಾಗ ನೋಡುತ್ತೇನೆ, ಆ ಕೆಂಪು ತುಂಡು ನಟ್ಟನಡುವೆ, ಅವ್ವ ಬಟ್ಟೆ ಒಗೆಯುವ ಕಲ್ಲಿಗೆ ಎದುರಾಗಿ ಕೂತಿತ್ತು.

ಅಂದಿನಿಂದ ಒಗೆಯುವ ಅರಿವೆಯ ಗಂಟನ್ನು ಹೊಳೆಗೆ ನಾನೇ ಹೊತ್ತೆ. ಅವ್ವ ಬಾಗಿಲಿಗೆ ಬಂದರೆ ಸಾಕು, ಕೊಡ ತುಂಬಲು ನಾನೇ ಓಡುತ್ತಿದ್ದೆ.

"ಏನಾಗ್ಯದ ನಿನಗ? ಕುಂತಲ್ಲಿ ಕುಂದ್ರವಲ್ಲಿ," ಎಂದಳು ಅವ್ವ.

"ಏನಿಲ್ಲ ಬೇ."

ನಾಲ್ಕನೆಯ ದಿನ ಖಾಜಾಬಿ ಅಂಗಳದಲ್ಲಿ ನಿಂತು, "ನಿನ್ನ ಮಗಳು ಭಾಳ ಛಲೋ ತುಂಡು ಹಚ್ಯಾಳ, ನೋಡಾಕ ಬಾ," ಎಂದುಬಿಟ್ಟಳು. ಅವರಿಬ್ಬರ ಹಿಂದೆ ಕಾಲೆಳೆಯುತ್ತ ನಾನೂ ಹೋದೆ.

ಅವ್ವ ಸೀದಾ ಬಂಡೆಯ ಹತ್ತಿರ ಹೋದಳು. ಕೆಂಪು ತುಂಡಿನ ಮೇಲೆ ಕೈಯಾಡಿಸಿದಳು.

"ಹೊಲಿಗಿ ಯಾರು ಹಾಕಿದ್ದು?"

"ನಾನ."

"ದೂರ ದೂರ ಬಿದ್ದಾವ. ಗಾಳಿಗೆ ಕಿತ್ಕೊಂಡು ಹೋಗ್ತದ."

ಸೀರೆಯ ಗುರುತು ಈಗ ಖಾಜಾಬಿಗೂ ಸಿಕ್ಕಿತು. "ಬಿಚ್ಚಿ ಕೊಡ್ಲೇನ?" ಎಂದಳು ಮೆಲ್ಲಗೆ.

"ಬ್ಯಾಡ. ನಮ್ಮವ್ವ ಇದನ್ನ ಉಟ್ಕೊಂಡ ಹೊಳಿ ದಾಟಿ ನನ್ನ ನೋಡಾಕ ಬರ್ತಿದ್ದಳು. ಇಲ್ಲೇ ಇರ್ಲಿ. ಸೂಜಿ ಕೊಡು."

ಕಾದ ಬಂಡೆಗೆ ಮೊಣಕೈ ಊರಿ, ನನ್ನ ಹೊಲಿಗೆಯನ್ನು ಹಲ್ಲಿನಿಂದ ಕಡಿದು, ಅವ್ವ ಮತ್ತೆ ಒತ್ತಾಗಿ ಹೊಲಿದಳು. ಮನೆಗೆ ಬಂದ ಮೇಲೆ ನನ್ನ ಬೆನ್ನಿಗೆ ಎರಡು ಬಿದ್ದವು. ಆ ರಾತ್ರಿ ನಿದ್ದೆ ಮಾತ್ರ ಚೆನ್ನಾಗಿ ಬಂತು. ಮರುದಿನದಿಂದ ಅವ್ವ ತಾನೇ ಸೂಜಿ ಹಿಡಿದು ಬಂಡೆಯ ಕಡೆ ಹೊರಡುತ್ತಿದ್ದಳು. ಅಂಚಿನ ಹೊಲಿಗೆ ಇನ್ನೂ ಬಾಕಿಯಿತ್ತು.

ಮಳೆಗಾಲದಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಊರವರೆಲ್ಲ ಸೇರಿ ಎಳೆದರೂ ಅರ್ಧ ಕೌದಿಯಷ್ಟೇ ಕೈಗೆ ಬಂತು. ಕೆಂಪು ತುಂಡು ಹೊಳೆಯ ಪಾಲಾಯಿತು.

ಈಗ ಅವ್ವ ನನ್ನ ಜೊತೆ ರಾಯಚೂರಿನಲ್ಲಿದ್ದಾಳೆ. ಖಾಜಾಬಿ ತೀರಿಹೋದಳು. ಊರಿನ ಮನೆಗಳಲ್ಲಿ ಬಜಾರಿನ ಮೆತ್ತನೆ ರಗ್ಗುಗಳಿವೆ. ಅಷ್ಟು ಹೆಂಗಸರು ಒಂದೇ ಬಟ್ಟೆಯ ಸುತ್ತ ಕೂತದ್ದು ಅದೇ ಕೊನೆ. ಯಾರ ತುಂಡು ಎಲ್ಲಿತ್ತೆಂದು ಕೇಳಿದರೆ ಅವ್ವ ಗಾಳಿಯಲ್ಲಿ ಬೆರಳಿಟ್ಟು ಒಂದೊಂದಾಗಿ ಹೆಸರು ಹೇಳುತ್ತಾಳೆ. ಹೋದ ವರ್ಷ ಹನ್ನೊಂದು ಹೆಸರು ನೆನಪಿಗೆ ಬಂದಿದ್ದವು. ಈ ವರ್ಷ ಏಳು.